ಗುಬ್ಬಿಗೆಂದು ಆರಿಸಿದ ಮೆಷಿನ್

ಆ ಬೀದಿಯಲ್ಲಿ ಯಾರಿಗಾದರೂ ಹೊಲಿಗೆ ಮೆಷಿನ್ ಬೇಕಾದರೆ ಅವರು ನೇರವಾಗಿ ಅಂಗಡಿಗೆ ಹೋಗುತ್ತಿರಲಿಲ್ಲ, ಮೊದಲು ಮೆಷಿನ್ ಅಕ್ಕನ ಬಾಗಿಲು ತಟ್ಟುತ್ತಿದ್ದರು. ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು, ಬಂದವರನ್ನು ಕೂರಿಸಿ, "ಏನು ಹೊಲೀಬೇಕು ಅಂತಿದ್ದೀರಿ?" ಎಂದು ವಿಚಾರಿಸುತ್ತಿದ್ದಳು. ಅವರು ದಿಂಬಿನ ಗವಸು ಎನ್ನಲಿ, ಮಕ್ಕಳ ಫ್ರಾಕು ಎನ್ನಲಿ, ಪ್ಯಾಂಟಿನ ಅಂಚು ಮಡಿಚುವುದಷ್ಟೇ ಎನ್ನಲಿ, ಅಕ್ಕನ ತೀರ್ಪು ಮಾತ್ರ ಒಂದೇ.

"ಕಬ್ಬಿಣದ್ದು ತಗೊಳ್ಳಿ. ನೆಟ್ಟಗೆ ಹೊಲಿದರೆ ಸಾಕು. ಹೂವು ಬಳ್ಳಿ ಬಿಡಿಸೋ ಮೆಷಿನ್ ನಿಮ್ಮ ಶತ್ರುಗಳ ಮನೇಲಿರಲಿ."

ಇಷ್ಟು ಹೇಳಿ ಸುಮ್ಮನಾಗುವ ಹೆಂಗಸಲ್ಲ ಅವಳು. ಹಳೆಯ ಕೈಚೀಲವನ್ನು ಹೆಗಲಿಗೇರಿಸಿ ತಾನೂ ಜೊತೆಗೆ ಹೊರಡುತ್ತಿದ್ದಳು. ರಸ್ತೆಯ ತಿರುವಿನಲ್ಲಿ ಅವಳ ತಲೆ ಕಂಡರೆ ಸಾಕು, ಮೆಷಿನ್ ಅಂಗಡಿಯ ಯಜಮಾನ ಕೂತಲ್ಲೇ ಒಂದು ನಿಟ್ಟುಸಿರು ಬಿಟ್ಟು, ಪಕ್ಕದ ಹೋಟೆಲಿಗೆ ಚಹಾ ಹೇಳಿ ಕಳಿಸುತ್ತಿದ್ದ. ಇನ್ನು ಮಧ್ಯಾಹ್ನದವರೆಗೆ ಬೇರೆ ವ್ಯಾಪಾರವಿಲ್ಲ ಎಂದು ಅವನಿಗೆ ಗೊತ್ತಿರುತ್ತಿತ್ತು. ಅಕ್ಕ ಒಂದೊಂದೇ ಮೆಷಿನ್ನಿನ ಚಕ್ರವನ್ನು ಬರಿಯ ತೋರುಬೆರಳಿನಿಂದ ತಿರುಗಿಸಿ ಬಿಡುತ್ತಿದ್ದಳು. ಚಕ್ರ ತನ್ನ ಪಾಡಿಗೆ ತಾನು ಸುತ್ತಿ ನಿಧಾನವಾಗಿ ನಿಂತರೆ ತಲೆಯಾಡಿಸುತ್ತಿದ್ದಳು. ತಡೆತಡೆದು ನಿಂತರೆ, "ಇದಕ್ಕೆ ಉಬ್ಬಸ" ಎಂದು ಮುಂದಿನದಕ್ಕೆ ಹೋಗುತ್ತಿದ್ದಳು. ಆಮೇಲೆ ಮೆಷಿನ್ನನ್ನು ಮಗ್ಗುಲಾಗಿ ಮಲಗಿಸಿ ಹೊಟ್ಟೆಯೊಳಗೆ ಇಣುಕುವುದು, ಹಲ್ಲಿನ ಚಕ್ರಗಳನ್ನು ಉಗುರಿನಿಂದ ಕೆರೆದು ಲೋಹವೋ ಪ್ಲಾಸ್ಟಿಕ್ಕೋ ಎಂದು ನೋಡುವುದು. ಕೊನೆಗೆ ತಾನೇ ಕುಳಿತು, ಚೀಲದಿಂದ ಒಂದು ದಪ್ಪ ಬಟ್ಟೆಯ ತುಂಡನ್ನು ತೆಗೆದು ನಾಲ್ಕು ಪದರ ಮಡಿಚಿ ಹೊಲಿಯುವುದು. ಹೊಲಿಯುವಾಗ ಅವಳ ಕಣ್ಣು ಸೂಜಿಯ ಮೇಲಿರುತ್ತಿರಲಿಲ್ಲ. ಕತ್ತು ವಾಲಿಸಿ ಸದ್ದು ಕೇಳುತ್ತಿದ್ದಳು. ಹೊಲಿಗೆಯನ್ನು ಎರಡೂ ಕೈಯಿಂದ ಜಗ್ಗಿ, ದಾರ ಗಟ್ಟಿಯಾಗಿ ನಿಂತಿತೆಂದರೆ ಆ ತುಂಡನ್ನು ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟು, "ಇದರ ಮೊದಲ ಹೊಲಿಗೆ ಇದು, ಬಿಸಾಡಬೇಡಿ" ಎನ್ನುತ್ತಿದ್ದಳು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡನಿಗೆ ಇದೊಂದು ತಮಾಷೆ. "ಮದುವೆಗೆ ಮುಂಚೆ ನನ್ನನ್ನೂ ಹೀಗೆ ಮಗ್ಗುಲು ಮಲಗಿಸಿ ನೋಡಿದ್ರೆ ನೀನು ಒಪ್ತಾನೇ ಇರ್ಲಿಲ್ಲ ಬಿಡು" ಎಂದು ಅವನು ಛೇಡಿಸಿದರೆ, ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ನಡುವಿನಿಂದಲೇ, "ಈಗೇನು ಒಪ್ಪಿದ್ದೀನಿ ಅಂದ್ಕೊಂಡಿದ್ದೀರಾ?" ಎನ್ನುತ್ತಿದ್ದಳು.

ಅವಳ ಈ ಹಟಕ್ಕೂ ಒಂದು ಕಾರಣವಿತ್ತು. ತಾಯಿ ತೀರಿಕೊಂಡಾಗ ಅವಳು ಆಗಷ್ಟೇ ಶಾಲೆ ಮುಗಿಸಿದ್ದ ಹುಡುಗಿ. ತಂಗಿಯಂತೂ ಇನ್ನೂ ಕೂಸು. ಅಪ್ಪ ಗೋದಾಮಿನ ಕಾವಲುಗಾರ. ಒಳ್ಳೆಯವನೇ, ಆದರೆ ಮಾತು ಕಡಿಮೆ, ಸಂಬಳವೂ ಕಡಿಮೆ. ತಂಗಿ ತೆಳ್ಳಗೆ, ಸಣ್ಣಗೆ ಇದ್ದಳೆಂದು ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಅಕ್ಕತಂಗಿಯರು ನೀಲಿ ಪಟ್ಟೆಯ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ತಂಗಿಯ ತಲೆ ಬಾಚುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವುದು, ಸುಳ್ಳು ಹೇಳಿದರೆ ಕಿವಿ ಹಿಂಡುವುದು ಎಲ್ಲವೂ ಅಕ್ಕನದೇ. ಅವಳು ದರ್ಜಿಯ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿ, ಕತ್ತರಿಸುವುದನ್ನು ಕದ್ದು ನೋಡಿ ಕಲಿತು, ಕೊನೆಗೆ ತನ್ನದೇ ಒಂದು ಮೆಷಿನ್ ಕೊಂಡಳು.

ಅದು ನೋಡಲು ಬಲು ಚೆಂದದ ಮೆಷಿನ್. ಮೈಮೇಲೆ ಗುಲಾಬಿ ಹೂಗಳ ಚಿತ್ರ, ಬಗೆಬಗೆಯ ಹೊಲಿಗೆಗೆ ತಿರುಗಿಸುವ ಗುಂಡಿ. ಬೇರೆಯವರನ್ನು ಕೇಳದೆ, ಅಂದಕ್ಕೆ ಮರುಳಾಗಿ ತಂದಿದ್ದಳು. ಶಾಲೆಗಳು ಶುರುವಾಗುವ ಕಾಲದಲ್ಲಿ, ಮನೆ ತುಂಬ ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿದ್ದಾಗ, ಅದು ಕೈಕೊಟ್ಟಿತು. ಚಕ್ರ ತಿರುಗುತ್ತಿತ್ತು, ಸೂಜಿ ಮಾತ್ರ ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಚಕ್ರದ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ಅದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಕ್ಕ ಅಂಗಿಗಳನ್ನೆಲ್ಲ ಕೈಯಲ್ಲೇ ಹೊಲಿದಳು. ಪುಟ್ಟ ಗುಬ್ಬಿ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಆದರೂ ಅರ್ಧಕ್ಕರ್ಧ ಗಿರಾಕಿಗಳು ಬಂದು, ಮುಖ ಗಂಟಿಕ್ಕಿಕೊಂಡು, ತಮ್ಮ ಬಟ್ಟೆಗಳನ್ನು ವಾಪಸು ಕೊಂಡೊಯ್ದರು. ಅಂದಿನಿಂದ ಪ್ಲಾಸ್ಟಿಕ್ ಎನ್ನುವುದು ಅವಳಿಗೆ ಬೈಗುಳವಾಯಿತು. ಆಮೇಲೆ ತಂದ ಕಪ್ಪು ಕಬ್ಬಿಣದ ಕಾಲು ಮೆಷಿನ್ ಮುಂದೆ ಎಂದೂ ನಿಲ್ಲಲಿಲ್ಲ. ಗುಬ್ಬಿಯ ಓದು, ಅಪ್ಪನ ಔಷಧಿ, ಗುಬ್ಬಿಯ ಮದುವೆ ಎಲ್ಲವೂ ಅದರ ಮೇಲೇ ನಡೆದವು.

ಗುಬ್ಬಿಯ ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಊರಿಗೆಲ್ಲ ಬೆಳಗಿನ ಹೊತ್ತಿಗೆ ಬಿಸಿ ಬ್ರೆಡ್ ಬೇಕಲ್ಲ, ಹಾಗಾಗಿ ಅವನದು ಯಾವಾಗಲೂ ರಾತ್ರಿ ಪಾಳಿ. ಇಬ್ಬರೂ ಒಂದು ಮಹಡಿಯ ಮೇಲಿನ ಒಂಟಿ ರೂಮಿನಲ್ಲಿ ಸಂಸಾರ ಹೂಡಿದ್ದರು. ಹೆಣ್ಣು ಮಗು ಹುಟ್ಟಿ ಕತ್ತು ನಿಲ್ಲಿಸುವ ಹೊತ್ತಿಗೆ ಗುಬ್ಬಿ ಒಂದು ದಿನ ಮಗುವನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಳು.

"ಅಕ್ಕ, ನನಗೂ ಒಂದು ಮೆಷಿನ್ ಬೇಕು" ಎಂದಳು. "ಇವರೊಬ್ಬರ ಸಂಬಳದಲ್ಲಿ ಸಾಗಲ್ಲ. ಇವಳನ್ನ ಯಾರದ್ದೋ ಕೈಗೆ ಕೊಟ್ಟು ಕೆಲಸಕ್ಕೆ ಹೋಗೋಕೆ ನನಗೆ ಮನಸ್ಸಿಲ್ಲ. ಅಮ್ಮ ಇಲ್ದೆ ಬೆಳೆದಿದ್ದು ನಾವಿಬ್ಬರೇ ಸಾಕು. ಮನೇಲೇ ಕೂತು ನಾಲ್ಕು ಗವಸು ಹೊಲಿದ್ರೂ ಇವಳು ಕಣ್ಣೆದುರಿಗೆ ಇರ್ತಾಳಲ್ವಾ?"

ಅಕ್ಕನ ಕಣ್ಣು ತುಂಬಿ ಬಂತು. ಬಂದದ್ದನ್ನು ತೋರಿಸಿಕೊಳ್ಳದೆ, "ಇಷ್ಟು ದಿನಕ್ಕೆ ಬುದ್ಧಿ ಬಂತು ನೋಡು ನಿನಗೆ" ಎಂದು ಗದರಿ, ಚೀಲ ಹುಡುಕಿದಳು. ಊರವರಿಗೆಲ್ಲ ಮೆಷಿನ್ ಆರಿಸಿ ಕೊಟ್ಟವಳು ಇಂದು ತನ್ನ ಗುಬ್ಬಿಗೆ ಆರಿಸಬೇಕು. ಇದರಲ್ಲಿ ತಪ್ಪಾಗಕೂಡದು ಎಂದು ಅವಳು ಪಣ ತೊಟ್ಟಂತಿತ್ತು. ಪರೀಕ್ಷೆಗೆ ಸಿಕ್ಕಸಿಕ್ಕ ಚಿಂದಿ ಬೇಡವೆಂದು, ಪೆಟ್ಟಿಗೆಯ ತಳದಲ್ಲಿದ್ದ ಆ ಹಳೆಯ ನೀಲಿ ಪಟ್ಟೆಯ ಹಾಸಿಗೆ ಬಟ್ಟೆಯಿಂದಲೇ ಒಂದು ತುಂಡು ಕತ್ತರಿಸಿಕೊಂಡಳು.

ಅಂಗಡಿಗೆ ಹೋದದ್ದೇ ಗುಬ್ಬಿಯ ಕಣ್ಣು ಒಂದರ ಮೇಲೆ ಬಿತ್ತು. ಕರೆಂಟಿನಲ್ಲಿ ಓಡುವ ಬಿಳಿಯ ಪುಟ್ಟ ಮೆಷಿನ್ ಅದು. ಸ್ಟ್ಯಾಂಡಿಲ್ಲ, ಬೆಲ್ಟಿಲ್ಲ, ಮೇಲೊಂದು ಹಿಡಿಕೆ. ಬೆಲೆಯೂ ಅವಳ ಕೈಗೆಟುಕುವಂತಿತ್ತು. ಗುಬ್ಬಿ ಮಗುವನ್ನು ಅಕ್ಕನ ತೋಳಿಗೆ ಕೊಟ್ಟು, ಅದನ್ನು ಒಂದೇ ಕೈಯಲ್ಲಿ ಎತ್ತಿದಳು. ಎತ್ತಿಕೊಂಡು ಬಾಗಿಲವರೆಗೆ ನಡೆದಳು. ಅಂಗಡಿಯ ಮೆಟ್ಟಿಲು ಇಳಿದು, ಮತ್ತೆ ಹತ್ತಿ, ವಾಪಸು ತಂದಿಟ್ಟು ಮಗುವನ್ನು ಎತ್ತಿಕೊಂಡಳು. ಅವಳ ಮುಖ ಅರಳಿತ್ತು.

"ಮೆಷಿನ್ ತಗೊಳ್ಳೋಕೆ ಬಂದಿದ್ದೀಯೋ, ತರಕಾರಿ ಚೀಲ ತಗೊಳ್ಳೋಕೋ?" ಎಂದು ಅಕ್ಕ ನಕ್ಕಳು. ಅಂಗಡಿಯ ಯಜಮಾನನೂ ನಕ್ಕ. ಗುಬ್ಬಿಯೂ ನಕ್ಕಳು, ತುಸು ತಡವಾಗಿ.

"ಅಲ್ಲಕ್ಕ, ನಮ್ಮ ರೂಮು..."

"ಚಿಕ್ಕದು ಅಂತ ತಾನೇ? ಮಂಚ ಒಂಚೂರು ಸರಿಸು, ಆಗುತ್ತೆ. ಇದನ್ನ ನಂಬಿ ಹೊಟ್ಟೆ ತುಂಬಿಸಿಕೊಳ್ಳೋಕಾಗುತ್ತೇನೇ? ಆ ಗುಲಾಬಿ ಹೂವಿನ ಮೆಷಿನ್ ಮರೆತುಬಿಟ್ಯಾ? ಕೂತು ಸೂಜಿ ಪೋಣಿಸಿದವಳು ನೀನೇ ಅಲ್ವಾ?"

"ಹಗುರ ಇದ್ದದ್ದೆಲ್ಲ ಕೆಟ್ಟದ್ದಲ್ಲ ಅಕ್ಕಾವ್ರೇ" ಎಂದು ಯಜಮಾನ ನಡುವೆ ಬಾಯಿ ಹಾಕಿದ. "ಇದರ ಒಳಗಿನ ಚಕ್ರ ಲೋಹದ್ದೇ. ಬೇಕಾದ್ರೆ ಬಿಚ್ಚಿ ತೋರಿಸ್ತೀನಿ."

ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರುವವನು ಹಾಗೆ ಹೇಳದೆ ಮತ್ತೇನು ಹೇಳುತ್ತಾನೆ? ಅವಳು ಆಗಲೇ ಸಾಲಿನ ಕೊನೆಯಲ್ಲಿದ್ದ ಕಪ್ಪು ಕಾಲು ಮೆಷಿನ್ನಿನ ಚಕ್ರ ತಿರುಗಿಸಿದ್ದಳು. ಅದು ಸುತ್ತಿತು, ಸುತ್ತಿತು, ನಿಲ್ಲಲು ಮನಸ್ಸಿಲ್ಲವೆಂಬಂತೆ ಸುತ್ತಿತು. ಆಹಾ, ಇದಪ್ಪ ಮೆಷಿನ್! ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಹೊಲಿಯೋರು ಅವರು ತಾನೇ, ಅವರೂ ಒಂದ್ಸಲ ಕೂತು ನೋಡ್ಲಿ" ಎಂದ ಯಜಮಾನ. ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದಳು.

"ಅವಳಿಗೇನು ತಿಳಿಯುತ್ತೆ? ಅವಳ ಕೈಗೆ ಸೂಜಿ ಕೊಟ್ಟವಳೇ ನಾನು" ಎಂದು ಅಕ್ಕ ಪೆಡಲ್ ಮೆಟ್ಟಿದಳು. ಗಡಗಡ ಸದ್ದಿಗೆ ಅಂಗಡಿಯ ಗಾಜಿನ ಕಪಾಟು ನಡುಗಿತು. ಮಗು ಬೆಚ್ಚಿ ಅಳತೊಡಗಿತು. ಗುಬ್ಬಿ ಅದನ್ನು ಸಮಾಧಾನ ಮಾಡುತ್ತಾ ಬಾಗಿಲಿಗೆ ಹೋಗಿ ನಿಂತಳು. ನೀಲಿ ಪಟ್ಟೆಯ ಬಟ್ಟೆಯ ನಾಲ್ಕು ಪದರದ ಮೇಲೆ ಕೆಂಪು ದಾರದ ಹೊಲಿಗೆ ಗೆರೆ ಎಳೆದಂತೆ ಬಂತು. ಅಕ್ಕ ಜಗ್ಗಿ ನೋಡಿದಳು. ತನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ಮೆಷಿನ್ ಆರಿಸಿಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು. ಗುಬ್ಬಿ ತಾನು ಕೂಡಿಟ್ಟ ಹಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

ಅದಾದ ಮೇಲೆ ಗುಬ್ಬಿ ರಜೆಯ ದಿನ ಬಂದಾಗಲೆಲ್ಲ ಅಕ್ಕ ಮೊದಲು ಕೇಳುತ್ತಿದ್ದುದು ಮೆಷಿನ್ನಿನ ಕ್ಷೇಮಸಮಾಚಾರ.

"ಚೆನ್ನಾಗಿ ಓಡ್ತಿದೆಯೇನೇ?"

"ಓಡ್ತಿದೆ ಅಕ್ಕ."

"ಎಣ್ಣೆ ಹಾಕ್ತಿದ್ದೀಯಾ?"

"ಹಾಕ್ತಿದ್ದೀನಿ ಅಕ್ಕ."

"ಬೆಲ್ಟು ಸಡಿಲ ಆದ್ರೆ ಹೇಳು, ಬಂದು ಬಿಗಿ ಮಾಡ್ತೀನಿ." ಬೆಲ್ಟು ಸಡಿಲವಾಯಿತೆಂದು ಗುಬ್ಬಿ ಎಂದೂ ಹೇಳಲಿಲ್ಲ. ಅದು ಕೂಡ ಅಕ್ಕನಿಗೆ ತನ್ನ ಆಯ್ಕೆಯ ಹೆಚ್ಚುಗಾರಿಕೆಯಾಗಿಯೇ ಕಂಡಿತು. ಗುಬ್ಬಿಯ ರೂಮಿಗೆ ಅವಳು ಹೋಗುತ್ತಿದ್ದುದು ಅಪರೂಪ. ತನಗೂ ಕೈ ತುಂಬ ಕೆಲಸ, ಅಲ್ಲಿ ಹಗಲೆಲ್ಲ ಗಂಡ ಮಲಗಿರುತ್ತಾನೆ. ಒಮ್ಮೆ ಹೋದಾಗ ಮೆಷಿನ್ನಿನ ಮೇಲೆ ಶುಭ್ರವಾದ ಬಟ್ಟೆ ಹೊದಿಸಿ, ಅದರ ಮೇಲೆ ಮಗುವಿನ ಹಾಲಿನ ಬಾಟಲಿ, ಮಡಿಚಿದ ಬಟ್ಟೆ ಇಟ್ಟಿದ್ದರು. "ಧೂಳು ಕೂರದ ಹಾಗೆ ಇಟ್ಟಿದ್ದೀಯ, ಭೇಷ್" ಎಂದು ಅಕ್ಕ ಪಿಸುಗುಟ್ಟಿ ಬೆನ್ನು ತಟ್ಟಿ ಬಂದಿದ್ದಳು. ಮೆಷಿನ್ ಅಕ್ಕನಂಥ ಮೆಷಿನ್ ಅಕ್ಕನಿಗೆ, ಬಟ್ಟೆ ಮುಚ್ಚಿಟ್ಟ ಮೆಷಿನ್ ಎಂದರೆ ಹೊಲಿಯದ ಮೆಷಿನ್ ಎಂದು ಹೊಳೆಯಲಿಲ್ಲವೆಂದರೆ ಏನು ಹೇಳೋಣ.

ಮಗುವಿಗೆ ಇನ್ನೂ ಹಲ್ಲು ಮೂಡುತ್ತಿದ್ದಾಗಲೇ ಗುಬ್ಬಿ ಅದನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಗಾರ್ಮೆಂಟ್ಸಿಗೆ ಸೇರಿದಳು. ಸಿದ್ಧವಾದ ಅಂಗಿಗಳಿಂದ ಉಳಿದ ದಾರ ಕತ್ತರಿಸುವ ಕೆಲಸ, ಇಡೀ ದಿನ ನಿಂತೇ ಮಾಡಬೇಕು. ಸುದ್ದಿ ಕೇಳಿ ಅಕ್ಕ ಕೆಂಡಾಮಂಡಲವಾದಳು.

"ಮನೇಲಿ ಅಂಥಾ ಮೆಷಿನ್ ಇಟ್ಕೊಂಡು ಹೊರಗೆ ಕೂಲಿಗೆ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ? ಮಗೂನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅಂದವಳು ನೀನೇ ತಾನೆ? ಒಂದು ಕಡೆ ಕೂತು ಕೆಲಸ ಮಾಡೋಕೆ ಮೈಗಳ್ಳತನ ನಿನಗೆ, ಅಷ್ಟೇ. ನಾಲ್ಕು ಜನರ ಜೊತೆ ಹರಟೆ ಬೇಕು."

ಗುಬ್ಬಿ ತಲೆ ತಗ್ಗಿಸಿ ಚಹಾದ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು. "ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಕ್ಕ" ಎಂದಳು. ಅಷ್ಟಕ್ಕೇ ಮಾತು ಮುಗಿಯಿತು. ಅಕ್ಕನ ಮನಸ್ಸಿನ ಮೂಲೆಯಲ್ಲಿ ಮಾತ್ರ ತಂಗಿಯ ಬಗ್ಗೆ ಒಂದು ಅಸಮಾಧಾನ ಉಳಿದುಕೊಂಡಿತು. ಅಷ್ಟು ಒಳ್ಳೆಯ ಮೆಷಿನ್ನಿಗೆ ತಕ್ಕ ಕೈ ಸಿಗಲಿಲ್ಲವಲ್ಲ ಎಂದು ಅವಳು ಗಂಡನ ಹತ್ತಿರವೂ ಹೇಳಿಕೊಂಡಳು.

ಹೀಗೆ ವರ್ಷಗಳು ಉರುಳಿದವು. ಇತ್ತೀಚೆಗೆ ಒಂದು ಬೆಳಿಗ್ಗೆ ಮೊಟ್ಟೆ ಅಂಗಡಿಯ ಹೆಂಗಸು ಅಕ್ಕನ ಬಾಗಿಲಿಗೆ ಬಂದಳು. ಬೀದಿಗೆಲ್ಲ ಅವಳು ಮೊಟ್ಟೆಯಮ್ಮ. ಅವಳ ಸೊಸೆಗೆ ಒಂದು ಮೆಷಿನ್ ಬೇಕಿತ್ತು, ಹೊಸದು ಕೊಳ್ಳುವ ಶಕ್ತಿಯಿರಲಿಲ್ಲ. ಹಳೆಯ ಸಾಮಾನಿನ ಅಂಗಡಿಗೆ ಒಂದು ಕಾಲು ಮೆಷಿನ್ ಬಂದಿದೆಯಂತೆ, ಬಂದು ನೋಡಿ ಹೇಳಬೇಕು ಎಂದಳು. ಅಕ್ಕ ಎಂದಿನಂತೆ ಚೀಲ ಏರಿಸಿದಳು.

ಮುರಿದ ಕುರ್ಚಿ, ತುಕ್ಕು ಹಿಡಿದ ಫ್ಯಾನುಗಳ ನಡುವೆ ಆ ಮೆಷಿನ್ ನಿಂತಿತ್ತು. ಅಕ್ಕ ಬೆರಳಿನಿಂದ ಚಕ್ರ ತಿರುಗಿಸಿದಳು. ಅದು ಬಿಗಿಯಾಗಿತ್ತು. ಎಣ್ಣೆ ಬಿಟ್ಟು ನಾಲ್ಕಾರು ಸಲ ಆಡಿಸಿದ ಮೇಲೆ ಸುಸೂತ್ರವಾಗಿ ಸುತ್ತತೊಡಗಿತು. ಮಗ್ಗುಲು ಮಲಗಿಸಿ ನೋಡಿದಳು. ಒಳಗೆ ಒಂದು ಹಲ್ಲೂ ಸವೆದಿಲ್ಲ. ಸೂಜಿಯ ಕೆಳಗಿನ ತಗಡಿನಲ್ಲಿ ಒಂದು ಗೀರಿಲ್ಲ. ಪೆಡಲಿನ ಬಣ್ಣ ಕೂಡ ಹಾಗೇ ಇದೆ. ಹಲವು ವರ್ಷ ಓಡಿದ ಮೆಷಿನ್ನಿನ ಪೆಡಲಿನಲ್ಲಿ ಬಣ್ಣ ಉಳಿಯುವುದುಂಟೇ?

"ಇದರಲ್ಲಿ ಯಾರೂ ಹೊಲಿದೇ ಇಲ್ಲ" ಎಂದು ಅಕ್ಕ ಬೆರಗಾದಳು. "ಹೊಸದರ ಹಾಗಿದೆ. ಯಾವಳೋ ಸೋಮಾರಿ ತಗೊಂಡು ಮೂಲೇಲಿ ಕೂರಿಸಿದ್ದಾಳೆ. ಇಂಥಾ ಮೆಷಿನ್ ಮಾರೋಕೆ ಆ ಮಹಾತಾಯಿಗೆ ಮನಸ್ಸಾದರೂ ಹೇಗೆ ಬಂತೋ! ಕೆಲವರಿಗೆ ಅನ್ನ ಕೊಡೋದನ್ನ ಇಟ್ಕೊಳ್ಳೋ ಯೋಗ್ಯತೇನೇ ಇರಲ್ಲ."

"ಹಾಗಾದ್ರೆ ತಗೊಳ್ಳಬಹುದಾ ಅಕ್ಕ?"

"ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ."

ವ್ಯಾಪಾರ ಕುದುರಿತು. ಮೆಷಿನ್ನನ್ನು ಕೈಗಾಡಿಗೆ ಏರಿಸಿ ಹಗ್ಗ ಬಿಗಿಯುವಾಗ ಡ್ರಾಯರು ಜಾರಿ ಹೊರಗೆ ಬಂತು. ಮೊಟ್ಟೆಯಮ್ಮ ಅದರೊಳಗೆ ಕೈಹಾಕಿ, "ಇದೇನೋ ಚಿಂದಿ ಇದೆ" ಎಂದು ಒಂದು ಬಟ್ಟೆಯ ತುಂಡನ್ನು ಅಕ್ಕನ ಕೈಗೆ ಕೊಟ್ಟಳು. ನೀಲಿ ಪಟ್ಟೆಯ ಬಟ್ಟೆ. ನಾಲ್ಕು ಪದರ. ಮೇಲೆ ಕೆಂಪು ದಾರದ ಹೊಲಿಗೆ.

ಅಕ್ಕ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೈಗಾಡಿ ಹೊರಟಿತು. ಮೊಟ್ಟೆಯಮ್ಮ ಖುಷಿಯಲ್ಲಿ ಏನೋ ಹೇಳುತ್ತಾ ಅದರ ಹಿಂದೆಯೇ ಹೋದಳು. ಅಕ್ಕನಿಗೆ ಒಂದು ಮಾತೂ ಕೇಳಿಸಲಿಲ್ಲ. ತನ್ನ ಗುಬ್ಬಿಯನ್ನೇ ಸೋಮಾರಿ ಎಂದಿದ್ದಳು, ಯೋಗ್ಯತೆಯಿಲ್ಲ ಎಂದಿದ್ದಳು, ಅದೂ ಹೊರಗಿನವರ ಎದುರಿಗೆ. ಮೊದಲು ಅವಳಿಗೆ ಬಂದದ್ದು ಸಿಟ್ಟೇ. ನನಗೊಂದು ಮಾತು ಹೇಳದೆ ಮಾರಿಬಿಟ್ಟಳಲ್ಲ ಎಂಬ ಸಿಟ್ಟು. ಆ ಸಿಟ್ಟಿನಲ್ಲೇ ದಡದಡನೆ ನಡೆದು ಗುಬ್ಬಿಯ ಮನೆ ತಲುಪಿದಳು. ಅಂದು ವಾರದ ರಜೆ, ಗುಬ್ಬಿ ಮನೆಯಲ್ಲೇ ಇದ್ದಳು.

ಬಾಗಿಲು ತೆರೆದ ಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಅವಳ ಗಂಡ ಮುಖದ ಮೇಲೆ ಟವೆಲ್ ಹಾಕಿಕೊಂಡು ಗಾಢ ನಿದ್ದೆಯಲ್ಲಿದ್ದ. ಅಕ್ಕ ಹೊಸ್ತಿಲಲ್ಲೇ ನಿಂತು ಆ ರೂಮನ್ನು ಮೊದಲ ಸಲ ಎಂಬಂತೆ ನೋಡಿದಳು. ಒಂದು ಗೋಡೆಗೆ ಮಂಚ, ಎದುರು ಗೋಡೆಗೆ ಒಲೆ ಕಟ್ಟೆ, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಮಂಚದ ತಲೆದೆಸೆಗೆ ಒತ್ತಿಕೊಂಡು ಮೆಷಿನ್ ನಿಂತಿದ್ದ ಜಾಗದಲ್ಲಿ ಈಗ ಮಗಳ ಪುಟ್ಟ ಹಾಸಿಗೆ ಇತ್ತು. ಹೊಲಿಯಲು ಕೂತವಳ ಮೊಣಕೈ ಮಲಗಿದವನ ಕಿವಿಗೆ ತಾಗಬೇಕು, ಅಷ್ಟು ಹತ್ತಿರ. ಅಕ್ಕನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಇಬ್ಬರೂ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಬಂದು ಕೂತರು. ಅಕ್ಕ ಬಟ್ಟೆಯ ತುಂಡನ್ನು ತಂಗಿಯ ಮಡಿಲಲ್ಲಿ ಇಟ್ಟಳು. ಗುಬ್ಬಿ ನೋಡಿ, ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ಇದನ್ನ ತೆಗೆದಿಟ್ಕೋಬೇಕು ಅಂತಿದ್ದೆ ಅಕ್ಕ. ಗಡಿಬಿಡೀಲಿ ಮರೆತೆ."

"ಒಂದು ದಿನಾನೂ ಹೊಲೀಲಿಲ್ವೇನೇ?"

"ಹೊಲಿದೆ ಅಕ್ಕ, ಶುರೂಲಿ. ಹಗಲು ಹೊಲಿದ್ರೆ ಇವರಿಗೆ ನಿದ್ದೆ ಇಲ್ಲ. ಪಾಪ, ಎರಡು ದಿನ ಏನೂ ಅನ್ಲಿಲ್ಲ. ಮೂರನೇ ದಿನ ಓವನ್ ಹತ್ತಿರ ತೂಕಡಿಸಿ ಕೈ ಸುಟ್ಕೊಂಡು ಬಂದ್ರು. ಸರಿ, ಇವರು ಕೆಲಸಕ್ಕೆ ಹೋದ ಮೇಲೆ ಹೊಲಿಯೋಣ ಅಂದ್ರೆ ಕೆಳಗಡೆ ಓನರ್ ಬಂದ್ರು. ತಲೆ ಮೇಲೆ ಬಸ್ ಓಡಿಸಿದ ಹಾಗಾಗುತ್ತೆ, ಮೆಷಿನ್ ಬೇಕೋ ರೂಮು ಬೇಕೋ ನೋಡ್ಕೊಳ್ಳಿ ಅಂದ್ರು." ಗುಬ್ಬಿ ಸಣ್ಣಗೆ ನಕ್ಕಳು. "ನಿನ್ನ ಮೆಷಿನ್ ಗಟ್ಟಿ ಅಲ್ವಾ, ಅದರ ದನಿಯೂ ಗಟ್ಟಿ."

ಅಕ್ಕನಿಗೆ ನಗು ಬರಲಿಲ್ಲ. ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅಲ್ಲಿ, ತಾರಸಿಯ ಬಾಗಿಲ ಪಕ್ಕದಲ್ಲಿ, ನೀರಿನ ಮೋಟಾರಿಗೆಂದು ಹಾಕಿದ ಒಂದು ಪ್ಲಗ್ ಇತ್ತು. ಬಾಗಿಲ ಮುಂದೆ ಚಾಪೆ ಹಾಸುವಷ್ಟು ನೆರಳಿತ್ತು. ಗುಬ್ಬಿಯೂ ಅತ್ತ ನೋಡಿದಳು.

"ಇಲ್ಲಿ ಕೂತು ಹೊಲಿಯೋಣ ಅಂತಿದ್ದೆ ನಾನು" ಎಂದಳು. "ಮಗೂನ ಪಕ್ಕದಲ್ಲೇ ಮಲಗಿಸಿಕೊಂಡು. ಇಲ್ಲಿಂದ ಯಾರಿಗೂ ಕೇಳ್ಸಲ್ಲ. ಅದಕ್ಕೇ ಅವತ್ತು ಅಂಗಡೀಲಿ ಆ ಬಿಳೀ ಮೆಷಿನ್ ಎತ್ಕೊಂಡು ಮೆಟ್ಟಿಲು ಹತ್ತಿ ನೋಡಿದ್ದು."

ತರಕಾರಿ ಚೀಲ ಎಂದು ನಕ್ಕಿದ್ದು ಅಕ್ಕನಿಗೆ ನೆನಪಾಯಿತು. ಕೈಗೆ ಸಿಕ್ಕಿದ್ದರೆ ಆ ನಗುವನ್ನು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳೇನೋ.

"ಬಾಯಿ ಬಿಟ್ಟು ಹೇಳಬಾರದಿತ್ತೇನೇ ನನ್ನ ಹತ್ರ? ಮೈಗಳ್ಳಿ ಅಂತೆಲ್ಲ ಅಂದೆನಲ್ಲ, ಆಗಲಾದ್ರೂ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ ಅಕ್ಕ? ನಮ್ಮ ಹಾಸಿಗೆ ಬಟ್ಟೆ ತಂದು ಹೊಲಿದೆ ನೀನು. ಅಂಗಡಿಯಿಂದ ಮನೆವರೆಗೂ ಅದರದ್ದೇ ಮಾತು ನಿನಗೆ. ನೀನು ಅಷ್ಟು ಸಂತೋಷವಾಗಿದ್ದಿದ್ದು ನಾನು ನೋಡೇ ಇರ್ಲಿಲ್ಲ. ಇದು ನನಗೆ ಆಗಲ್ಲ ಅಂದ್ರೆ ನಿನ್ನನ್ನೇ ಬೇಡ ಅಂದ ಹಾಗಾಗುತ್ತೆ ಅನ್ನಿಸ್ತು. ಆಮೇಲೆ ಬೈದೆಯಲ್ಲ, ಬೈಸಿಕೊಳ್ಳೋದು ಸುಲಭ ಇತ್ತು."

ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆದು ಗುಬ್ಬಿಯ ಮಗಳು ಹೊರಗೆ ಬಂದಳು. ದೊಡ್ಡಮ್ಮನನ್ನು ನೋಡಿ ನಾಚಿಕೊಂಡು ನಕ್ಕಳು. "ಬಾ ಇಲ್ಲಿ" ಎಂದು ಗುಬ್ಬಿ ಕೈಚಾಚಿದರೆ, ಅವಳು ಅಮ್ಮನ ಕಡೆ ಒಮ್ಮೆ ನೋಡಿ, ತಿರುಗಿ ತನ್ನ ಹಿಂದೆ ಬಂದು ನಿಂತಿದ್ದ ಪಕ್ಕದ ಮನೆಯಾಕೆಯ ಕಾಲನ್ನೇ ತಬ್ಬಿಕೊಂಡಳು. ಪಕ್ಕದ ಮನೆಯಾಕೆ ಅವಳನ್ನು ಒಳಗೆ ಕರೆದುಕೊಂಡು ಹೋದಳು.

"ರಜೆ ದಿನಾನೂ ಅವಳಿಗೆ ಅಲ್ಲೇ ಊಟ ಆಗ್ಬೇಕು" ಎಂದಳು ಗುಬ್ಬಿ, ಚಾಚಿದ ಕೈಯನ್ನು ಮಡಿಲಿಗೆ ತಂದುಕೊಳ್ಳುತ್ತಾ. "ಮೊದಲ ಹೆಜ್ಜೆ ಇಟ್ಟಿದ್ದೂ ಅವರ ಮನೇಲೇ. ಬಂದು ನೋಡಿ ಅಂತ ಅವರು ನನಗೆ ಫೋನ್ ಮಾಡಿದ್ರು, ನಾನು ಬರೋಷ್ಟರಲ್ಲಿ ಮಲಗಿಬಿಟ್ಟಿದ್ಲು."

ಅಕ್ಕ ಧಿಗ್ಗನೆ ಎದ್ದಳು. "ಏಳು. ಈಗಲೇ ಹೋಗೋಣ. ಆ ಹಿಡಿಕೆ ಇರೋ ಮೆಷಿನ್ನೇ ತಗೊಳ್ಳೋಣ. ಪ್ಲಾಸ್ಟಿಕ್ಕೋ ಕಾಗದವೋ, ಏನಾದ್ರೂ ಆಗ್ಲಿ. ಏಳೇ ಗುಬ್ಬಿ."

ಗುಬ್ಬಿ ಏಳಲಿಲ್ಲ. ಅಕ್ಕನ ಕೈಹಿಡಿದು ಮೆಲ್ಲನೆ ಕೆಳಗೆ ಎಳೆದು ಕೂರಿಸಿದಳು.

"ಈಗ ಯಾಕಕ್ಕ? ಅವಳು ಇನ್ನೇನು ಶಾಲೆಗೆ ಹೋಗ್ತಾಳೆ. ನಾನು ಮನೇಲಿದ್ದು ಯಾರನ್ನ ನೋಡ್ಕೊಳ್ಲಿ?"

ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ಅಕ್ಕ ಬೈದಾದರೂ ಅತ್ತಾದರೂ ಹಗುರಾಗುತ್ತಿದ್ದಳು. ತಂಗಿ ಬರಿಯ ಲೆಕ್ಕ ಹೇಳುವಂತೆ ಹೇಳಿದ್ದಳು, ಆ ಲೆಕ್ಕ ಸರಿಯಾಗಿಯೇ ಇತ್ತು. ಎಷ್ಟೋ ಮನೆಗಳಿಗೆ ಮೆಷಿನ್ ಆರಿಸಿ ಕೊಟ್ಟು ಬೀಗಿದ್ದಳು ಅಕ್ಕ. ತಾನೇ ಎತ್ತಿ ಆಡಿಸಿ ಬೆಳೆಸಿದವಳು ಬೇಡಿದ್ದು ಇಷ್ಟೇ ಇಷ್ಟು, ಮಗಳ ಪಕ್ಕದಲ್ಲಿ ಕೂರುವುದು. ಅದನ್ನು ತನ್ನ ಕೈಯಾರೆ ತಪ್ಪಿಸಿದ್ದಳು. ಆ ಮೆಷಿನ್ನಿಗಿಂತ ಹೆಚ್ಚಾಗಿ ತನ್ನ ಜಾಣತನವನ್ನೇ ಮೆಚ್ಚಿಕೊಂಡು ಕೂತಿದ್ದಳು ಎಂದು ಅವಳಿಗೆ ಈಗ ಅನ್ನಿಸಿತು. ಮೆಟ್ಟಿಲ ಮೇಲೆ ಕೂತು ಸದ್ದಿಲ್ಲದೆ ಅತ್ತಳು. ಒಳಗೆ ಮಲಗಿದವನಿಗೆ ಎಚ್ಚರವಾಗದಿರಲೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಗುಬ್ಬಿ ಅವಳ ಬೆನ್ನು ಸವರುತ್ತಾ ಕೂತಿದ್ದಳು.

"ಯಾರಿಗೆ ಹೋಯ್ತಕ್ಕ ಅದು?" ಎಂದು ಗುಬ್ಬಿ ಕೇಳಿದಳು.

"ಮೊಟ್ಟೆಯಮ್ಮನ ಸೊಸೆಗೆ."

"ಹೌದಾ? ಒಳ್ಳೆ ಹುಡುಗಿ ಅವಳು." ಗುಬ್ಬಿ ನೀಲಿ ಪಟ್ಟೆಯ ಬಟ್ಟೆಯನ್ನು ಮೊಣಕಾಲ ಮೇಲಿಟ್ಟು ಸುಕ್ಕು ಬಿಡಿಸುತ್ತಿದ್ದಳು. "ಅವಳಿಗೆ ಅದನ್ನ ಇಟ್ಕೊಳ್ಳೋಕೆ ಎಲ್ಲಿ ಜಾಗ ಮಾಡಿದ್ದಾಳಂತೆ?"

ಅಕ್ಕ ಹೇಳಲು ಬಾಯಿ ತೆರೆದಳು. ಆ ಸೊಸೆ ಎಷ್ಟು ಕೋಣೆಯ ಮನೆಯಲ್ಲಿದ್ದಾಳೆ, ಅಲ್ಲಿ ಹಗಲು ಮಲಗುವವರು ಯಾರಿದ್ದಾರೆ, ಅವಳ ಕಾಲಿಗೆ ಆ ಪೆಡಲ್ ಆಗುತ್ತದೋ ಇಲ್ಲವೋ, ಅವಳಿಗೆ ಬೇಕಿದ್ದುದು ಯಾವ ಮೆಷಿನ್? ಆ ಹುಡುಗಿಯ ಮುಖವನ್ನೂ ಅಕ್ಕ ಸರಿಯಾಗಿ ನೋಡಿರಲಿಲ್ಲ. ಚಕ್ರ ತಿರುಗಿಸಿದ್ದಳು, ಹಲ್ಲು ನೋಡಿದ್ದಳು, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದಿದ್ದಳು.

"ಕೇಳಲಿಲ್ಲ ಕಣೇ" ಎಂದಳು.